ಪಾಯಿಂಟ್ ಕುಕ್‌ನ ಬಸ್ಸೂ ನಮ್ಮವರ ದಾಕ್ಷಿಣ್ಯವೂ

ಆಸ್ಟ್ರೇಲಿಯಾಕ್ಕೆ ಹೋಗಿ ಬಂದ ಮೇಲೆ ಮೈಸೂರಿನಲ್ಲಿ ಎದುರಾದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಕಾಂಗರೂ ನೋಡಿದ್ರಾ? ನೋಡಿದೆ, ರಸ್ತೆ ಪಕ್ಕದ ಹಳದಿ ಫಲಕದಲ್ಲಿ. ಜೀವಂತ ಕಾಂಗರೂ ನನ್ನ ಕಣ್ಣಿಗೆ ಬೀಳಲಿಲ್ಲ, ನಾನೂ ಅದನ್ನು ಹುಡುಕಿಕೊಂಡು ಹೋಗಲಿಲ್ಲ. ಕಣ್ತುಂಬ ನೋಡಿದ್ದು ಬಸ್ಸು, ರೈಲು, ಬಸ್ ಸ್ಟಾಪು ಮತ್ತು ಅವುಗಳಿಗಾಗಿ ಅಲ್ಲಿನ ಜನ ಪಡುವ ಪಾಡು. ಅದನ್ನು ನೋಡಲು ಅಷ್ಟು ದೂರ ಹೋಗಬೇಕಿತ್ತೇ ಎಂದು ಎದುರುಮನೆಯವರು ಕೇಳಿದರು. ಆಗ ಅವರಿಗೆ ಉತ್ತರ ಕೊಡುವ ತಾಳ್ಮೆ ಇರಲಿಲ್ಲ, ಈಗ ಬರೆಯುತ್ತಿದ್ದೇನೆ.

ಬ್ಲ್ಯಾಕ್‌ಟೌನ್

ಮೊದಲು ಇಳಿದದ್ದು ಸಿಡ್ನಿಯಲ್ಲಿ. ಅಕ್ಕನ ಮಗ ಪ್ರಶಾಂತ ಬ್ಲ್ಯಾಕ್‌ಟೌನಿನಲ್ಲಿ ಮನೆ ಮಾಡಿದ್ದಾನೆ. ಅವನೂ ಅವನ ಹೆಂಡತಿಯೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ನಾನು ಒಬ್ಬಳೇ. ಮನೆಯಲ್ಲಿ ಕೂತು ಗೋಡೆ ನೋಡುವ ಜಾಯಮಾನ ನನ್ನದಲ್ಲ. ಕಾಲೇಜು ಗ್ರಂಥಾಲಯದಲ್ಲಿ ಇಡೀ ಆಯಸ್ಸು ‘ಸದ್ದು ಮಾಡಬೇಡಿ’ ಎಂದು ಹೇಳಿ ಹೇಳಿ ನಿವೃತ್ತಳಾದವಳು ನಾನು. ಈಗ ಸದ್ದಿರುವ ಕಡೆ ಹೋಗುವುದೇ ನನಗೆ ಸುಖ.

ಎರಡನೆಯ ದಿನವೇ ಬಸ್ ಸ್ಟಾಪಿಗೆ ಹೋಗಿ ಶಿಸ್ತಾಗಿ ನಿಂತೆ. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಡ್ರೈವರ್ ನನ್ನನ್ನು ನೋಡಿ ಮುಗುಳ್ನಗುತ್ತಲೇ ಹೋದ. ಸಂಜೆ ಪ್ರಶಾಂತನ ಮುಂದೆ ಆ ದೇಶವನ್ನೇ ಬೈದುಹಾಕಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, ಕೈ ಚಾಚದಿದ್ದರೆ ಇಲ್ಲಿ ಬಸ್ಸು ನಿಲ್ಲುವುದಿಲ್ಲ ಎಂದ. ನಮ್ಮ ಕಡೆ ಖಾಸಗಿ ಬಸ್ಸು ನೀವು ತಲೆ ಕೆರೆದುಕೊಳ್ಳಲು ಕೈ ಎತ್ತಿದರೂ ನಿಲ್ಲುತ್ತದೆ, ಹತ್ತದಿದ್ದರೆ ಕ್ಲೀನರ್ ಬೈಯುತ್ತಾನೆ. ಮರುದಿನ ನಾನು ಎರಡೂ ಕೈ ಎತ್ತಿದೆ. ಬಸ್ಸು ನಿಂತಿತು, ಹಿಂದೆ ಬರುತ್ತಿದ್ದ ಕಾರೂ ನಿಂತಿತು.

ರೈಲಿನದು ಇನ್ನೊಂದು ಕಥೆ. ಅಲ್ಲಿನ ರೈಲಿನಲ್ಲಿ ಸೀಟಿನ ಬೆನ್ನನ್ನು ಹಿಡಿದು ತಳ್ಳಿದರೆ ಟಕ್ಕೆಂದು ಅದು ಇನ್ನೊಂದು ಕಡೆಗೆ ತಿರುಗಿ ಕೂರುತ್ತದೆ. ಹೋಗುವ ದಿಕ್ಕಿಗೆ ಮುಖ ಮಾಡಿ ಕೂರಬಹುದು. ಒಬ್ಬ ಅಜ್ಜಿ ಹಾಗೆ ಮಾಡಿದ್ದು ನೋಡಿ ನನಗೂ ಕೈ ತುರಿಸಿತು. ತಳ್ಳಿದೆ. ಯಾವುದನ್ನು ತಳ್ಳಬೇಕಿತ್ತೋ ಅದರ ಮುಂದಿನದನ್ನು ತಳ್ಳಿದ್ದರಿಂದ, ಊಟದ ಎಲೆಯ ಮುಂದೆ ಎದುರುಬದುರು ಕೂತಂತೆ ಒಬ್ಬ ದಪ್ಪ ಗೃಹಸ್ಥನ ಮೊಣಕಾಲಿಗೆ ನನ್ನ ಮೊಣಕಾಲು ತಾಗಿಸಿಕೊಂಡು ಕೂರಬೇಕಾಯಿತು. ಅವನು ಮಾಂಸದ ಪೈ ತಿನ್ನುತ್ತಿದ್ದ. ನನಗೂ ಬೇಕೇ ಎಂದು ಸನ್ನೆ ಮಾಡಿದ. ಬೇಡ ಎಂದೆ. ಇಳಿಯುವಾಗ ಅವನೇ ಸೀಟನ್ನು ಸರಿಮಾಡಿ, ಶುಭದಿನ ಹಾರೈಸಿ ಹೋದ.

ಹಾರ್ಬರ್ ಸೇತುವೆ, ಓಪೆರಾ ಹೌಸ್ ಎರಡನ್ನೂ ನೋಡಿದೆ. ಕ್ಯಾಲೆಂಡರಿನಲ್ಲಿ ಇದ್ದ ಹಾಗೆಯೇ ಇವೆ. ನನಗೆ ಖುಷಿಯಾದದ್ದು ಫೆರಿಯಲ್ಲಿ. ಕೋಟು ಹಾಕಿದ ಮಂದಿ ಆಫೀಸಿಗೆ ಹೋಗಲು ದೋಣಿ ಹತ್ತುತ್ತಾರೆ, ಮುಖಕ್ಕೆ ಸಮುದ್ರದ ನೀರು ಎರಚಿದರೂ ಪೇಪರಿನಿಂದ ಕಣ್ಣು ತೆಗೆಯುವುದಿಲ್ಲ. ನಾನಂತೂ ಆ ದಡದಿಂದ ಈ ದಡಕ್ಕೆ ಕಾರಣವಿಲ್ಲದೆ ಓಡಾಡಿದೆ.

ಒಂದು ದಿನ ಬ್ಲ್ಯಾಕ್‌ಟೌನ್ ಸ್ಟೇಷನ್ನಿನ ಹೊರಗೆ ಇಬ್ಬರು ಹುಡುಗರು ಮೇಜು ಹಾಕಿಕೊಂಡು, ಬಂದುಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದರು. ಏನೋ ಮಾರುತ್ತಿದ್ದಾರೆ ಎಂದುಕೊಂಡು ಪರ್ಸನ್ನು ಬಿಗಿಯಾಗಿ ಹಿಡಿದುಕೊಂಡೆ. ಅವರು ಮಾರುತ್ತಿರಲಿಲ್ಲ, ಕೇಳುತ್ತಿದ್ದರು. ದೇಶದ ರಸ್ತೆ, ರೈಲು, ಬಸ್ಸುಗಳಿಗೆ ಕೇಂದ್ರದಿಂದ ಬರುವ ಯೋಜನೆಯ ಅವಧಿ ಮುಗಿಯುತ್ತಾ ಬಂದಿದೆಯಂತೆ. ಅದನ್ನು ನವೀಕರಿಸುವ ಮುನ್ನ ಜನ ಏನೆನ್ನುತ್ತಾರೆ ಎಂದು ಊರೂರಿನಲ್ಲಿ ಹೀಗೆ ಕೇಳುತ್ತಾರಂತೆ. ಕೇಂದ್ರದ್ದು ಎಷ್ಟು, ರಾಜ್ಯದ್ದು ಎಷ್ಟು ಎಂದು ಪ್ರಶಾಂತ ರಾತ್ರಿ ಊಟದ ಹೊತ್ತಿಗೆ ವಿವರಿಸಿದ. ನನಗೆ ಅರ್ಥವಾಗಲಿಲ್ಲ, ಅವನಿಗೂ ಆಗಿರಲಿಲ್ಲ ಎಂದು ಕಾಣುತ್ತದೆ. ನಮ್ಮಲ್ಲಿ ಜನ ಗುಂಪು ಕಟ್ಟಿಕೊಂಡು ಹೋಗಿ ಸಾಹೇಬರಿಗೆ ಮನವಿ ಕೊಟ್ಟು ಫೋಟೋ ತೆಗೆಸಿಕೊಂಡು ಬರುತ್ತಾರೆ. ಇಲ್ಲಿ ಸರ್ಕಾರವೇ ಬೀದಿಗೆ ಬಂದು, ಅಮ್ಮಾ ನಿಮಗೇನು ಬೇಕು ಎನ್ನುತ್ತದೆ. ಪ್ರವಾಸಿ ಎಂದರೂ ಹುಡುಗ ಬಿಡಲಿಲ್ಲ. ಸ್ಟೇಷನ್ನುಗಳಲ್ಲಿ ಇನ್ನೂ ಒಂದಿಷ್ಟು ಶೌಚಾಲಯ ಇರಲಿ ಎಂದೆ. ಅವನು ಗಂಭೀರವಾಗಿ ಬರೆದುಕೊಂಡ. ಆ ದಿನವೆಲ್ಲ ನಾನು ಎಲೆಕ್ಷನ್ ಗೆದ್ದವಳಂತೆ ಓಡಾಡಿದೆ.

ಪಾಯಿಂಟ್ ಕುಕ್

ಮೆಲ್ಬರ್ನಿಗೆ ಹೋದದ್ದು ಜಲಜಾಳಿಗಾಗಿ. ಮೈಸೂರಿನ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ರೂಮು. ಉಡುಪಿಯ ಹುಡುಗಿ, ತುಳು ಮಾತಿನವಳು, ಮೃದು ಎಂದರೆ ಬೆಣ್ಣೆಯಂಥ ಮೃದು. ಮದುವೆಯಾಗಿ ಗಂಡ ವಾಸುದೇವನ ಜೊತೆ ಪಾಯಿಂಟ್ ಕುಕ್ ಎಂಬ ಹೊರವಲಯದ ಬಡಾವಣೆಗೆ ಬಂದು ಎಷ್ಟೋ ವರ್ಷವಾಯಿತು. ನಗರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ದಿನವೆಲ್ಲ ಸೂಕ್ಷ್ಮದರ್ಶಕದಲ್ಲಿ ಜನರ ರಕ್ತ ನೋಡುತ್ತಾಳೆ.

ವಿಮಾನ ನಿಲ್ದಾಣಕ್ಕೆ ಅವಳೇ ಕಾರು ಓಡಿಸಿಕೊಂಡು ಬರುತ್ತಾಳೆ ಎಂದುಕೊಂಡಿದ್ದೆ. ಫೋನಿನಲ್ಲಿ ಅವಳ ಡ್ರೈವಿಂಗಿನ ಪ್ರತಾಪ ಎಷ್ಟು ಕೇಳಿದ್ದೆನೋ. ಬಂದದ್ದು ವಾಸುದೇವ. ಜಲಜಾ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತಿದ್ದಳು. ಗ್ಲಾಕೋಮಾ ಎಂದಳು. ಕಣ್ಣಿನ ಎದುರಿನದು ಸ್ಪಷ್ಟ, ಪಕ್ಕದ್ದೆಲ್ಲ ಹೋಗಿದೆ. ರಕ್ತದ ಕಣವೊಂದು ಡೊಂಕಾಗಿದ್ದರೆ ಅವಳಿಗೆ ಕಾಣುತ್ತದೆ, ಬಲಗಡೆಯಿಂದ ಬರುವ ಕಾರು ಕಾಣುವುದಿಲ್ಲ. ಲೈಸೆನ್ಸನ್ನು ತಾನೇ ಹೋಗಿ ವಾಪಸು ಕೊಟ್ಟು ಬಂದಿದ್ದಳು. ನನಗೆ ಹೇಳಿದರೆ ಬೇಜಾರಾಗುತ್ತದೆ ಎಂದು ಹೇಳಿರಲಿಲ್ಲವಂತೆ. ಬೇಜಾರೇ ಆಯಿತು, ಹೇಳದೇ ಇದ್ದದ್ದಕ್ಕೆ.

ಆದರೆ ಮರುದಿನ ಬೆಳಿಗ್ಗೆ ಅವಳ ಜೊತೆ ಬಸ್ಸು ಹತ್ತಿದಾಗ ನನ್ನ ಬೇಜಾರೆಲ್ಲ ಹಾರಿಹೋಯಿತು. ಬಸ್ಸು ಅವಳ ಮನೆಯ ಬೀದಿಯಲ್ಲೇ ಸುತ್ತು ಹಾಕಿ ಸ್ಟೇಷನ್ನಿಗೆ ಹೋಗುತ್ತದೆ. ಡ್ರೈವರ್ ಪಂಜಾಬಿನವನು, ಅವನ ಜೊತೆ ಹಿಂದಿಯಲ್ಲಿ ಹರಟೆ. ಹಿಂದಿನ ಸೀಟಿನ ನರ್ಸಮ್ಮನ ನಾಯಿಯ ಕಾಲು ವಾಸಿಯಾಯಿತೇ ಎಂಬ ವಿಚಾರಣೆ. ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಕೂಗಿ ಥ್ಯಾಂಕ್ಸ್ ಹೇಳುತ್ತಾರೆ. ನಮ್ಮಲ್ಲಿ ಇಳಿಯುವಾಗ ಕೂಗುವುದು ಚಿಲ್ಲರೆಗಾಗಿ. ಸ್ಟೇಷನ್ನಿನಲ್ಲಿ ಜಲಜಾ ಜನರ ನಡುವೆ ನೆಟ್ಟಗೆ ನಡೆದಳು. ಅವಳು ಅಲ್ಲಿನ ಕಂಬ, ಮೆಟ್ಟಿಲು, ಅಂಚು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದಳು. ರೈಲಿನಲ್ಲಿ ಕೂತು ನನ್ನ ಕೈ ಹಿಡಿದುಕೊಂಡು, ಕಾರಿಗಿಂತ ಇದೇ ಚಂದ ಮಾರಾಯ್ತಿ, ಪಾರ್ಕಿಂಗ್ ಹುಡುಕುವ ಕೆಲಸ ಇಲ್ಲ ಎಂದಳು.

ಅದೇ ಬಸ್ಸಿಗೆ ಈಗ ಕುತ್ತು ಬಂದಿತ್ತು. ಬ್ಲ್ಯಾಕ್‌ಟೌನಿನ ಹುಡುಗರು ಹೇಳಿದ್ದ ಅದೇ ಯೋಜನೆಯ ಹೊಸ ಕರಡಿನಲ್ಲಿ ಬಸ್ಸಿನ ಸುತ್ತುದಾರಿಯನ್ನು ತೆಗೆದು, ದೊಡ್ಡ ರಸ್ತೆಯಲ್ಲಿ ನೇರವಾಗಿ ಓಡಿಸುವ ಮಾತಿತ್ತು. ಹಾಗಾದರೆ ಬಸ್ಸಿಗಾಗಿ ಅವಳು ದೊಡ್ಡ ರಸ್ತೆಯವರೆಗೆ ನಡೆಯಬೇಕು. ನಡುವೆ ಸಿಗ್ನಲ್ಲಿಲ್ಲದ ಒಂದು ಭಾರಿ ವೃತ್ತ. ಅಲ್ಲಿ ಕಾರುಗಳು ಪಕ್ಕದಿಂದಲೇ ಬರುತ್ತವೆ.

ವಾಸುದೇವ ಒಳ್ಳೆಯವನು. ಇಷ್ಟಕ್ಕೆಲ್ಲ ತಲೆಬಿಸಿ ಯಾಕೆ, ನಾನೇ ಡ್ರಾಪ್ ಮಾಡುತ್ತೇನಲ್ಲ ಎಂದ. ಅವನು ಸ್ನಾನಕ್ಕೆ ಹೋದ ಮೇಲೆ ಜಲಜಾ ಚಹಾದ ಲೋಟ ಕೆಳಗಿಟ್ಟು ಹೇಳಿದಳು:

“ಅವರು ಬಿಡ್ತಾರೆ, ಬಿಡೋದಿಲ್ಲ ಅಂತ ಅಲ್ಲ. ಆದ್ರೆ ಬಿಡುವವರ ಟೈಮಿಗೆ ನಾನು ರೆಡಿ ಆಗ್ಬೇಕು, ಕರ್ಕೊಂಡು ಬರುವವರ ಟೈಮಿಗೆ ನನ್ನ ಕೆಲಸ ಮುಗೀಬೇಕು. ಆಮೇಲೆ ಅವರಿಗೆ ಯಾಕೆ ತೊಂದರೆ ಅಂತ ನಾನೇ ಕೆಲಸ ಬಿಡ್ತೇನೆ. ನನ್ನ ಬುದ್ಧಿ ನನಗೆ ಗೊತ್ತುಂಟು ಸುಮಾ.”

ನನಗೂ ಗೊತ್ತಿತ್ತು. ಹಾಸ್ಟೆಲಿನಲ್ಲಿ ಯಾರದೋ ಬಟ್ಟೆ ಒಣಗಲಿ ಎಂದು ತನ್ನ ಒದ್ದೆ ಬಟ್ಟೆಯನ್ನೇ ತೊಟ್ಟುಕೊಂಡು ಪರೀಕ್ಷೆ ಬರೆದವಳು ಅವಳು.

ಲೈಬ್ರರಿಯಲ್ಲಿ ಚುಕ್ಕಿ

ಶನಿವಾರ ಅಲ್ಲಿನ ಲೈಬ್ರರಿಯಲ್ಲಿ ಜನರ ಅಭಿಪ್ರಾಯ ಕೇಳುವ ಸಭೆ. ಜಲಜಾ ಅಕ್ಕಪಕ್ಕದ ಕನ್ನಡದವರಿಗೆ, ತುಳುವಿನವರಿಗೆ ಎಲ್ಲ ಫೋನು ಮಾಡಿದಳು. ನಮ್ಮ ಜನ ಬೇರೆ ಯಾವುದಕ್ಕೆ ಬಾರದಿದ್ದರೂ ಫೋನಿನಲ್ಲಿ ಕರೆದರೆ ಬರುತ್ತಾರೆ. ಒಂದು ಸಣ್ಣ ಮದುವೆ ದಿಬ್ಬಣದಷ್ಟು ಮಂದಿ ಸೇರಿದರು. ಒಬ್ಬರು ಡಬ್ಬಿ ತುಂಬ ಗೋಳಿಬಜೆಯನ್ನೂ ತಂದರು.

ವೇದಿಕೆ, ಮೈಕು, ಸ್ವಾಗತ, ವಂದನಾರ್ಪಣೆ ಇರುತ್ತದೆ ಎಂದುಕೊಂಡು ಹೋದರೆ ಕೂರಲು ಕುರ್ಚಿಯೂ ಇಲ್ಲ. ಗೋಡೆಯ ಸುತ್ತ ದೊಡ್ಡ ದೊಡ್ಡ ಬೋರ್ಡು. ಪ್ರತಿ ಬೋರ್ಡಿನ ಪಕ್ಕ ಒಬ್ಬರು ನಿಂತು ವಿವರಿಸುತ್ತಾರೆ. ಬಾಗಿಲಲ್ಲಿ ತಲೆಗೆ ಮೂರರಂತೆ ಹಸಿರು ಚುಕ್ಕಿ ಕೊಟ್ಟರು, ನಾವು ಹಣೆಗಿಡುವ ಸ್ಟಿಕ್ಕರ್ ಇದ್ದ ಹಾಗೆಯೇ. ನಿಮಗೆ ಯಾವುದು ಮುಖ್ಯವೋ ಅಲ್ಲಿ ಅಂಟಿಸಿ ಎಂದರು. ಇಷ್ಟು ಸುಲಭದ ಕೆಲಸವನ್ನು ಕೆಡಿಸಲು ನಮ್ಮವರೇ ಬೇಕು.

ಒಂದು ಮೂಲೆಯಲ್ಲಿ ಡೆನಿಸ್ ಎಂಬ ಮುದುಕ ನಿಂತಿದ್ದ. ಸರಕು ಲಾರಿಯವರು ಹೆದ್ದಾರಿಯಲ್ಲಿ ವಿಶ್ರಾಂತಿ ಪಡೆಯುವ ತಾಣಗಳ ಬೋರ್ಡು ಅವನದು. ಅವನ ಹತ್ತಿರ ಯಾರೂ ಹೋಗುತ್ತಿರಲಿಲ್ಲ. ಅಯ್ಯೋ ಪಾಪ ಎಂದು ವಾಸುದೇವ ಮೊದಲು ಹೋದ. ಡೆನಿಸ್ ಎಷ್ಟು ಸಂತೋಷದಿಂದ ವಿವರಿಸಿದ ಎಂದರೆ, ಅಷ್ಟು ಕೇಳಿದ ಮೇಲೆ ಬರಿಗೈಯಲ್ಲಿ ತಿರುಗಿ ಬರುವುದು ಹೇಗೆ? ವಾಸುದೇವ ಒಂದು ಚುಕ್ಕಿ ಅಂಟಿಸಿದ. ಡೆನಿಸ್‌ನ ಕಣ್ಣು ಅರಳಿತು. ಅದನ್ನು ನೋಡಿ ಗೋಳಿಬಜೆಯವರು ಎರಡು ಅಂಟಿಸಿದರು. ಆಮೇಲೆ ಸಾಲು. ನಾನು ಊರಿಗೆ ಬಂದವಳು, ನನಗೆ ಚುಕ್ಕಿ ಸಲ್ಲುವುದಿಲ್ಲ ಎಂದರೂ ಅವನು ತನ್ನ ಪೆಟ್ಟಿಗೆಯಿಂದಲೇ ಒಂದು ತೆಗೆದುಕೊಟ್ಟ. ಅಂಟಿಸಿದೆ. ಸ್ವಂತಕ್ಕೆ ಒಂದು ಕೈಗಾಡಿಯೂ ಇಲ್ಲದ ನಮ್ಮವರೆಲ್ಲ ಸೇರಿ ಲಾರಿಗಳಿಗೆ ಅಂಥ ಬೆಂಬಲ ಕೊಟ್ಟೆವು.

ಜಲಜಾ ತನ್ನ ಒಂದು ಚುಕ್ಕಿಯನ್ನು ಬಸ್ಸಿಗೆಂದು ಉಳಿಸಿಕೊಂಡಿದ್ದಳು. ಆ ಬೋರ್ಡಿನಲ್ಲಿ ಎರಡು ಭಾಗ: ನೇರ ದಾರಿ, ಹಳೆಯ ಸುತ್ತುದಾರಿ. ಅವಳು ಸುತ್ತುದಾರಿಗೆ ಕೈ ಚಾಚುವಷ್ಟರಲ್ಲಿ ಕೇಟ್ ಎಂಬ ಅಧಿಕಾರಿ ಹುಡುಗಿ ಬಂದು ನೇರ ದಾರಿಯ ಲಾಭ ವಿವರಿಸತೊಡಗಿದಳು. ಬಸ್ಸು ಹೆಚ್ಚು ಸಲ ಬರುತ್ತದೆ, ಕಾಲೇಜಿನ ಮಕ್ಕಳಿಗೆ ಅನುಕೂಲ. ಪಾಪ, ಗಂಟಲು ಕೂತುಹೋಗಿತ್ತು, ಆದರೂ ನಗುತ್ತಲೇ ಹೇಳಿದಳು. ಸರಿ ಅನ್ನಿಸುತ್ತದೆಯೇ ಎಂದು ಕೊನೆಗೆ ಕೇಳಿದಳು. ಜಲಜಾ, ಬಹಳ ಚೆನ್ನಾಗಿದೆ ಎಂದು ತನ್ನ ಚುಕ್ಕಿಯನ್ನು ನೇರ ದಾರಿಗೇ ಅಂಟಿಸಿಬಿಟ್ಟಳು.

ನಾನು ಅಲ್ಲೇ ನಿಂತಿದ್ದೆ. ನನ್ನ ಬಾಯಲ್ಲಿ ಗೋಳಿಬಜೆ ಇತ್ತು.

ಮುಚ್ಚುವ ಹೊತ್ತಿಗೆ ಕೇಟ್ ಬೋರ್ಡುಗಳ ಫೋಟೋ ತೆಗೆದುಕೊಂಡು, ಸುತ್ತುದಾರಿ ಯಾರಿಗೂ ಬೇಕಾದಂತೆ ಕಾಣಲಿಲ್ಲ ಎಂದು ಸಹೋದ್ಯೋಗಿಗೆ ಹೇಳಿದ್ದು ನಮಗೆಲ್ಲ ಕೇಳಿಸಿತು. ಕಾರಿನಲ್ಲಿ ನಾನು ಸಿಡಿದುಬಿದ್ದೆ. ದಾಕ್ಷಿಣ್ಯಕ್ಕೆ ಬಸುರಾದವರ ಕಥೆ ಕೇಳಿದ್ದೆ, ಕಣ್ಣಾರೆ ನೋಡಿದ್ದು ಇವತ್ತೇ ಎಂದೆ. ಅಷ್ಟು ಹೊತ್ತು ಹೇಳಿದಳಲ್ಲ, ಬೇಡ ಅಂದ್ರೆ ಅವಳಿಗೆ ಹೇಗಾಗ್ಲಿಕ್ಕಿಲ್ಲ ಎಂದು ಜಲಜಾ ಅಂದಳು. ಹಾಗೆ ಹೇಳುವಾಗಲೇ ಅವಳ ಕಣ್ಣು ತುಂಬಿತು. ನಾನು ಬೈಯುವುದು ಬಿಟ್ಟು ಕರವಸ್ತ್ರ ಕೊಟ್ಟೆ.

ಗ್ಲೆನ್ ವೇವರ್ಲಿ

ಮರುದಿನ ಭಾನುವಾರ ಗ್ಲೆನ್ ವೇವರ್ಲಿಯಲ್ಲಿ ಊಟಕ್ಕೆ ಕರೆ. ಮೈಸೂರಿನಿಂದ ಬಂದು ಅಲ್ಲೇ ನಿವೃತ್ತರಾದ ಡಾಕ್ಟರು ಮತ್ತು ಅವರ ಹೆಂಡತಿ ಲಲಿತಮ್ಮ. ಊರಿನ ಈ ತುದಿಯಿಂದ ಆ ತುದಿಗೆ, ರೈಲಿನ ಕೊನೆಯ ಸ್ಟೇಷನ್ನು. ವಾಸುದೇವ ಕಾರು ತೆಗೆಯುತ್ತೇನೆಂದ. ಜಲಜಾ ಬೇಡವೆಂದು ನನ್ನನ್ನು ಬಸ್ಸು, ರೈಲು, ಇನ್ನೊಂದು ರೈಲು ಹತ್ತಿಸಿಕೊಂಡು ಕರೆದೊಯ್ದಳು. ಅದು ಅವಳು ಬಸ್ಸಿಗೆ ಹೇಳುವ ಬೀಳ್ಕೊಡುಗೆಯಂತೆ ನನಗೆ ಅನ್ನಿಸಿ ಸಂಕಟವಾಯಿತು.

ಲಲಿತಮ್ಮ ಉಪಚಾರದಲ್ಲಿ ಹಳೆಯ ಕಾಲದವರು. ಬೇಡ ಎಂದರೆ ಇನ್ನೊಂದು ಬಡಿಸು ಎಂದೇ ಅವರಿಗೆ ಅರ್ಥ. ನಾನು ಎಲೆಯ ಮೇಲೆ ಬಾಗಿ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಸುರಿದರು. ಹೋಳಿಗೆ ಹಿಡಿದು ಜಲಜಾಳ ಕಡೆ ತಿರುಗಿದರು. ಅವಳು ಆಗಲೇ ಎರಡು ತಿಂದಿದ್ದಳು. ಕೈ ಅಡ್ಡ ಹಿಡಿಯಲಿಲ್ಲ, ಬಾಗಲಿಲ್ಲ. ಅವರ ಮುಖವನ್ನೇ ನೋಡಿ, ಬೇಡ ಆಂಟಿ, ನಂಗೆ ಸಾಕು ಎಂದಳು. ಅಷ್ಟೇ. ಲಲಿತಮ್ಮನ ಕೈಯಲ್ಲಿ ಹೋಳಿಗೆ ಹಾಗೇ ನಿಂತಿತು. ಡಾಕ್ಟರು, ಸಾಕಂತೆ ಕಣೇ ಎಂದು ಹೇಳಿ ಅದನ್ನು ತಮ್ಮ ಎಲೆಗೆ ಹಾಕಿಸಿಕೊಂಡರು. ಆಕಾಶ ಕಳಚಿ ಬೀಳಲಿಲ್ಲ. ಲಲಿತಮ್ಮ ಮುನಿಸಿಕೊಳ್ಳಲೂ ಇಲ್ಲ, ಹೊರಡುವಾಗ ಎಂದಿನಂತೆ ಕುಂಕುಮ ಕೊಟ್ಟರು.

ವಾಪಸು ಬರುವಾಗ ರೈಲಿನಲ್ಲಿ ಜಲಜಾ ನನ್ನ ಕಡೆ ತಿರುಗಿದಳು. ಕೇಟ್ ನಾಳೆ ನಮ್ಮ ಸ್ಟೇಷನ್ನಿನಲ್ಲಿ ಮೇಜು ಹಾಕ್ತಾಳಂತೆ, ನೀನು ಬರ್ತೀಯಾ ಎಂದಳು. ನನ್ನ ಎದೆ ಹಗುರಾಯಿತು.

ವೃತ್ತದ ಬಳಿ

ಸೋಮವಾರ ಜಲಜಾ ಕೇಟ್‌ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾನು ಅಂಟಿಸಿದ್ದು ನನ್ನ ಅಭಿಪ್ರಾಯ ಅಲ್ಲ, ನಿಮ್ಮ ಮೇಲಿನ ಮರ್ಯಾದೆ ಎಂದಳು. ಕೇಟ್‌ಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ಲಾರಿಯ ಬೋರ್ಡಿನ ಗತಿಯೂ ಅದೇನಾ ಎಂದು ಕೇಳಿದಳು. ನಾನು ತಲೆ ತಗ್ಗಿಸಿದೆ. ಎಣಿಸಿದ ಚುಕ್ಕಿಯನ್ನು ಕಿತ್ತು ಬೇರೆ ಕಡೆ ಅಂಟಿಸಲು ಆಗುವುದಿಲ್ಲ, ಆದರೆ ಅಭಿಪ್ರಾಯ ಹೇಳಲು ವಾರದ ಕೊನೆಯವರೆಗೆ ಸಮಯವಿದೆ ಎಂದಳು ಕೇಟ್. ಹಾಗಾದರೆ ಹೇಳುವುದಿಲ್ಲ, ತೋರಿಸುತ್ತೇನೆ, ನನ್ನ ಜೊತೆ ನಡೆದು ಬನ್ನಿ ಎಂದಳು ಜಲಜಾ.

ಗುರುವಾರ ಬೆಳಿಗ್ಗೆ ಕೇಟ್ ಬಂದಳು. ಜೊತೆಗೆ ಡೆನಿಸ್. ನಮಗೆ ಮುಖ ತೋರಿಸಲು ನಾಚಿಕೆ. ಅವನೋ, ಭಾರತೀಯರಿಗೆ ಲಾರಿ ಎಂದರೆ ಪ್ರಾಣ ಎಂದು ಮನೆಯಲ್ಲಿ ಹೇಳಿ ಆಗಿದೆ, ಈಗ ಹೆಂಡತಿಗೆ ನಿಜ ಹೇಳುವುದಿಲ್ಲ ಎಂದು ಕಣ್ಣು ಮಿಟುಕಿಸಿದ. ಪಾಯಿಂಟ್ ಕುಕ್‌ನ ಗಾಳಿ ಆ ದಿನ ಸೀರೆಯ ಸೆರಗು, ಡೆನಿಸ್‌ನ ಟೋಪಿ ಎರಡನ್ನೂ ಕಿತ್ತುಕೊಳ್ಳುವಂತೆ ಬೀಸುತ್ತಿತ್ತು. ಎರಡು ಸಲ ಟೋಪಿಯ ಹಿಂದೆ ಓಡಿದೆವು. ಮನೆಯಿಂದ ವೃತ್ತದವರೆಗೆ ನಗುತ್ತಲೇ ಬಂದೆವು.

ವೃತ್ತದ ಅಂಚಿನಲ್ಲಿ ಜಲಜಾ ನಿಂತಳು. ತಲೆಯನ್ನು ಪೂರ್ತಿ ಬಲಕ್ಕೆ ತಿರುಗಿಸಿದಳು, ಪೂರ್ತಿ ಎಡಕ್ಕೆ ತಿರುಗಿಸಿದಳು, ಮತ್ತೆ ಬಲಕ್ಕೆ. ಆಕಡೆ ನೋಡುವಾಗ ಈಕಡೆಯ ಕಾರು, ಈಕಡೆ ನೋಡುವಾಗ ಆಕಡೆಯದು. ಒಂದು ಹೆಜ್ಜೆ ಇಟ್ಟಳು, ಸದ್ದಿಲ್ಲದ ಒಂದು ಬಿಳಿ ಕಾರು ಪಕ್ಕದಿಂದ ಬಂತು. ನಾನು ಅವಳ ತೋಳು ಹಿಡಿದೆಳೆದೆ. ಅವಳು ಕಾರನ್ನು ನೋಡಿರಲೇ ಇಲ್ಲ.

ಜೊತೆಗೆ ಯಾರೂ ಇಲ್ಲದಿದ್ದರೆ ಏನು ಮಾಡುತ್ತೀರಿ ಎಂದು ಕೇಟ್ ಮೆಲ್ಲಗೆ ಕೇಳಿದಳು. ಕಿವಿಗೊಟ್ಟು ನಿಲ್ಲುತ್ತೇನೆ, ಗಾಳಿಯಿದ್ದರೆ ಅದೂ ಆಗುವುದಿಲ್ಲ, ಆಗ ಮನೆಗೆ ತಿರುಗಿ ಹೋಗುತ್ತೇನೆ ಎಂದಳು ಜಲಜಾ. ಎಂದಿನ ಅವಳಾಗಿದ್ದರೆ ಅಲ್ಲಿಗೆ ನಿಲ್ಲಿಸಿ, ಪರವಾಗಿಲ್ಲ ಬಿಡಿ ಎನ್ನುತ್ತಿದ್ದಳು. ನಾನು ಆ ಮಾತಿಗೆ ಕಾಯುತ್ತಿದ್ದೆ, ಬಂದರೆ ಬಾಯಿ ಮುಚ್ಚಿಸಬೇಕೆಂದೂ ಇದ್ದೆ. ಬರಲಿಲ್ಲ. ಅವಳು ಕೇಟ್‌ಳ ಕಡೆ ತಿರುಗಿ, ತನ್ನ ಉಡುಪಿ ಇಂಗ್ಲಿಷಿನಲ್ಲಿ ಒಂದೊಂದೇ ಮಾತು ಜೋಡಿಸಿ ಹೇಳಿದಳು:

“ಮಕ್ಕಳಿಗೆ ನೇರ ಬಸ್ಸು ಒಳ್ಳೇದೇ. ಅವರಿಗೆ ಕೊಡಿ. ಆದ್ರೆ ನನಗೆ ಈ ಬಸ್ಸು ಬೇಕು.”

ಬೇಕು ಎಂಬ ಆ ಒಂದು ಮಾತು ಅವಳ ಬಾಯಿಂದ ಬಂದದ್ದು ಕೇಳಿ ನನಗೆ ಹೆಮ್ಮೆಯಾಯಿತು. ಕೇಟ್ ಏನೂ ಭರವಸೆ ಕೊಡಲಿಲ್ಲ. ಬರೆದುಕೊಂಡಳು, ವೃತ್ತವನ್ನು ಇನ್ನೊಂದು ಸಲ ತಾನೇ ದಾಟಿ ನೋಡಿದಳು, ಜಲಜಾಳ ಮನೆಯಲ್ಲಿ ನೀರುದೋಸೆ ತಿಂದು ಹೋದಳು. ಡೆನಿಸ್ ಎಷ್ಟು ತಿಂದ ಎಂದು ಹೇಳಿದರೆ ದೃಷ್ಟಿಯಾದೀತು.

ಮೈಸೂರು

ಊರಿಗೆ ಬಂದು ತಿಂಗಳುಗಳಾದವು. ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಜಲಜಾಳ ಫೋನು ಬಂತು. ಅಲ್ಲಿ ಆಗಲೇ ಸಂಜೆ, ಹಿಂದೆ ಬಸ್ಸಿನ ಗಡಗಡ ಸದ್ದು. ತೀರ್ಮಾನ ಬಂದಿದೆಯಂತೆ. ಬಸ್ಸು ಹೆಚ್ಚಿನ ಸಲ ನೇರವಾಗಿ ಹೋಗುತ್ತದೆ, ಆದರೆ ಬೆಳಿಗ್ಗೆ ಕೆಲವು ಸಲ, ಸಂಜೆ ಕೆಲವು ಸಲ ಅವಳ ಬೀದಿಯನ್ನು ಸುತ್ತಿಕೊಂಡು ಬರುತ್ತದೆ. ಹೊಸ ವೇಳಾಪಟ್ಟಿ ಇವತ್ತಿನಿಂದಲೇ ಜಾರಿಗೆ ಬಂದಿದೆ. ಲಾರಿಯವರಿಗೂ ಹೆದ್ದಾರಿಯಲ್ಲಿ ಒಂದು ತಾಣ ಸಿಕ್ಕಿದೆಯಂತೆ, ಅದನ್ನು ಹೇಳಿ ಅವಳು ನಕ್ಕದ್ದೇ ನಕ್ಕದ್ದು.

ನನಗೆ ಕೇಳಬೇಕಾದದ್ದು ಬೇಕಾದಷ್ಟಿತ್ತು. ಕೇಟ್ ಏನೆಂದಳು, ವಾಸುದೇವ ಏನೆಂದ, ಕಣ್ಣು ಹೇಗಿದೆ, ಕೆಲಸ ಹೇಗಿದೆ. ಊಟ ಆರಿಹೋದರೂ ಚಿಂತೆಯಿಲ್ಲ ಎಂದು ತಟ್ಟೆ ಬದಿಗೆ ಸರಿಸಿ ಶುರುಮಾಡಿದೆ. ಅವಳು ನನ್ನ ಮಾತನ್ನು ಅರ್ಧಕ್ಕೇ ತಡೆದಳು.

“ಈಗ ಇಡ್ತೇನೆ ಸುಮಾ, ನನ್ನ ಮನೆ ಬಂತು” ಎಂದು ಹೇಳಿ, ಜೀವಮಾನದಲ್ಲಿ ಮೊದಲ ಸಲ, ನಾನು ಮಾತು ಮುಗಿಸುವ ಮೊದಲೇ ಫೋನಿಟ್ಟಳು.